ಹನ್ನೊಂದನೇ ತಿರುವಿನ ಕಂಬ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೊದಲ ಬಸ್ಸು ಆಗಷ್ಟೇ ಬೆಟ್ಟ ಹತ್ತಿ ಹೋಗಿತ್ತು. ಒಂಬತ್ತೂವರೆಯ ಮೊದಲು ಅದು ಹಿಂದಿರುಗುವ ಹಾಗಿರಲಿಲ್ಲ. ಆದರೂ ಬಂತು. ಚಾಲಕ ಗೋಟ್‌ಫ್ರೀಡ್ ಇಳಿದು ಬಂದು ನನ್ನ ಟೋಲ್ ಕಟ್ಟೆಯ ಗಾಜು ತಟ್ಟಿದ.

"ರೆಗೀನಾ, ಪೊಲೀಸರಿಗೆ ಫೋನ್ ಮಾಡು."

"ಯಾಕೆ?"

"ಹನ್ನೊಂದನೇ ತಿರುವಿನ ಕೆಳಗೆ ಯಾರೋ ಮಲಗಿದ್ದಾರೆ. ಹಾರ್ನ್ ಹೊಡೆದೆ. ಏಳ್ಲಿಲ್ಲ." ಅವನು ಟೋಪಿ ತೆಗೆದ. "ಹಸಿರು ಕೋಟು. ನಮ್ಮ ಎಗೊನ್ ಅನ್ಸುತ್ತೆ."

ಎಗೊನ್ ತ್ಸಾಂಗರ್ಲ್ ನಮ್ಮ ಲಾನರ್ ನಿಸರ್ಗೋದ್ಯಾನದ ಕಾವಲುಗಾರ. ಒಂಟಿ ಮನುಷ್ಯ. ಎರಡೆರಡು ದಿನ ಬೆಟ್ಟದ ಮೇಲೇ ಉಳಿದುಬಿಡುತ್ತಿದ್ದ. ಅವನ ಜೀಪು ಶುಕ್ರವಾರದಿಂದ ಹನ್ನೊಂದನೇ ತಿರುವಿನಲ್ಲೇ ನಿಂತಿದ್ದರೂ ಯಾರಿಗೂ ಏನೂ ಅನ್ನಿಸಿರಲಿಲ್ಲ.

ರಸ್ತೆಯ ಅಂಚಿನಿಂದ ನಲವತ್ತು ಮೀಟರ್ ಕೆಳಗೆ, ಕಲ್ಲಿನ ಜಾರಿನಲ್ಲಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಈ ಋತುವಿನ ಮೊದಲ ಹಿಮ ಬಿದ್ದಿತ್ತು. ಹಿಮ ಅವನ ಮೈಮೇಲಿತ್ತು, ಮೈಯಡಿಯ ಕಲ್ಲು ಒಣಗಿತ್ತು. ನನ್ನ ಪುಸ್ತಕದ ಪ್ರಕಾರ ಅವನ ಜೀಪು ಟೋಲ್ ದಾಟಿದ್ದು ಶುಕ್ರವಾರ ಸಂಜೆ ನಾಲ್ಕಕ್ಕೆ. ಅಂದರೆ ನಾಲ್ಕರಿಂದ ಒಂಬತ್ತರೊಳಗೆ ಸತ್ತಿದ್ದ.

ಕಾಲು ಜಾರಿತೇ? ಇಲ್ಲ ಎಂದರು ವೈದ್ಯರು. ಬೆನ್ನು ಕೆಳಗಾಗಿ ಬಿದ್ದಿದ್ದಾನೆ. ಬೆಟ್ಟದಲ್ಲಿ ಮೂವತ್ತು ವರ್ಷ ಓಡಾಡಿದವನು ಕಣಿವೆಗೆ ಬೆನ್ನು ಮಾಡಿ ಅಂಚಿನಲ್ಲಿ ನಿಲ್ಲುವುದಿಲ್ಲ — ಎದುರಿಗೆ ಯಾರಾದರೂ ಇದ್ದರೆ ಮಾತ್ರ ನಿಲ್ಲುತ್ತಾನೆ.

ಆ ಹೊತ್ತಿನಲ್ಲಿ ಮೇಲಿದ್ದವರು ಯಾರು? ಪೊಲೀಸರು ನನ್ನನ್ನೇ ಕೇಳಿದರು. ಈ ರಸ್ತೆಗೆ ಇರುವುದು ಒಂದೇ ಬಾಗಿಲು. ಆ ಬಾಗಿಲಲ್ಲಿ ಕೂರುವವಳು ನಾನು.

"ಒಂಬತ್ತನೇ ತಿರುವಿನ ವಸತಿಗೃಹಕ್ಕೆ ಬಂದ ಮುದುಕರ ಬಸ್ಸು ಬಿಟ್ರೆ, ಲೊರೆಂಟ್ಸ್ ಷ್ಟೊಕರ್‌ನ ಹಳದಿ ಲಾರಿ," ಎಂದೆ. "ಬೆಳಿಗ್ಗೆ ಹೋಗಿದ್ದು. ಹಿಮದಲ್ಲಿ ರಸ್ತೆಯ ಅಂಚು ತಿಳಿಯೋಕೆ ಗುರುತಿನ ಕೋಲು ನೆಡೋ ಕೆಲಸ. ಆರೂಕಾಲಿಗೆ ಇಳಿದು ಬಂತು."

"ಹೇಗಿದ್ದ?"

ನಾನು ಯೋಚಿಸಿದೆ. ಯೋಚಿಸಬಾರದಿತ್ತು. "ದಿನಾ ಕೈ ಎತ್ತಿ ಹೋಗ್ತಿದ್ದ. ಅವತ್ತು ಎತ್ಲಿಲ್ಲ. ಮುಖ ತಿರುಗಿಸ್ಕೊಂಡ."

ಅಷ್ಟೇ ಸಾಕಾಯಿತು. ಜುಲೈನಲ್ಲಿ ಲೊರೆಂಟ್ಸ್ ತನ್ನ ತಾಯಿಯ ಮಂಡಿನೋವಿಗೆ ಕೊಬ್ಬು ಬೇಕೆಂದು ಉದ್ಯಾನದೊಳಗೆ ಬಿಲ ತೋಡುವ ದೊಡ್ಡ ಬೆಟ್ಟದಿಲಿಯಾದ ಮರ್ಮಟ್ ಒಂದನ್ನು ಹಿಡಿದಿದ್ದ. ಎಗೊನ್ ಅವನ ಮೇಲೆ ದೂರು ಕೊಟ್ಟಿದ್ದ. 'ಒಂದಿನ ನಿನ್ನ ಕೆಳಗೆ ತಳ್ತೀನಿ' ಎಂದು ಲೊರೆಂಟ್ಸ್ ಹೆಂಡದಂಗಡಿಯಲ್ಲಿ ಕೂಗಿದ್ದನ್ನು ಇಪ್ಪತ್ತು ಜನ ಕೇಳಿದ್ದರು. ಮಂಗಳವಾರ ಅವನನ್ನು ಹಿಡಿದೊಯ್ದರು.

ಅಂದೇ ಮಧ್ಯಾಹ್ನ ಅವನ ಹೆಂಡತಿ ಬುರ್ಗಿ ನನ್ನ ಕಿಟಕಿಯೆದುರು ಬಂದು ನಿಂತಳು. ಹಿಂದೆ ಕಾರುಗಳ ಸಾಲು.

"ಕೈ ಎತ್ಲಿಲ್ಲ ಅಂದ್ಯಂತೆ?"

"ಬುರ್ಗಿ—"

"ಕೈ ಎತ್ತದೇ ಇದ್ದಿದ್ದಕ್ಕೆ ಕೊಲೆಗಾರನಾ? ಹಾಗಾದ್ರೆ ಈ ಊರಲ್ಲಿ ನೀನೇ ದೊಡ್ಡ ಕೊಲೆಗಾತಿ. ಒಂದು ವರ್ಷದಿಂದ ಯಾರಿಗೆ ಕೈ ಎತ್ತಿದೀಯ ನೀನು?"

ನಾನು ಮುಂದಿನ ಕಾರಿನ ಚೀಟಿ ಹರಿದೆ. ಅವಳು ಹೇಳಿದ್ದು ಸರಿ. ನನ್ನ ಗಂಡ ಕಸ್ಪರ್ ಸತ್ತಾಗಿನಿಂದ ನಾನು ಚೀಟಿ ಹರಿದು ಕೊಡುತ್ತೇನೆ, ಚಿಲ್ಲರೆ ಕೊಡುತ್ತೇನೆ. ಬೇರೇನೂ ಮಾಡುವುದಿಲ್ಲ.

---

ಬುಧವಾರ ಪ್ರಾಂತದ ರಾಜಧಾನಿಯಿಂದ ಇನ್ಸ್‌ಪೆಕ್ಟರ್ ಬಂದರು. ಕಾರು ಮುಂದೆ, ಅವರು ಹಿಂದೆ ನಡೆದುಕೊಂಡು. ಐವತ್ತೆಂಟರ ದಪ್ಪನೆಯ ಹೆಂಗಸು. ಬಾಯಲ್ಲಿ ನಿಂಬೆಯ ಹೋಳು. ಹೆಸರು ಹೆರ್ಮೀನೆ ಪ್ರಾಂಡ್ಲ್.

"ತಿರುವಲ್ಲಿ ಕಾರು ಹತ್ತಿದ್ರೆ ಹೊಟ್ಟೆ ತೊಳಸುತ್ತೆ," ಎಂದರು. "ನಾನು ದ್ರಾಕ್ಷಿ ಬಯಲಿನವಳು. ನಮ್ಮ ಕಡೆ ರಸ್ತೆ ನೆಟ್ಟಗೆ ಹೋಗುತ್ತೆ. ಜನ ಮಾತ್ರ ಸೊಟ್ಟ. ಇಲ್ಲಿ ಹೇಗೆ?"

"ಇಲ್ಲಿ ಇಪ್ಪತ್ತೆರಡು ತಿರುವು, ಇನ್ಸ್‌ಪೆಕ್ಟರಮ್ಮ."

"ನಾನು ಕೇಳಿದ್ದು ಜನದ ಬಗ್ಗೆ."

ನನ್ನ ಹೇಳಿಕೆಯ ಹಾಳೆ ಅವರ ಕೈಯಲ್ಲಿತ್ತು. ಅದನ್ನು ಮಡಚಿ ಚೀಲಕ್ಕೆ ಹಾಕಿದರು. "ಲೊರೆಂಟ್ಸ್‌ನ ಬೆಳಿಗ್ಗೆ ನೋಡ್ದೆ. ಯಾಕಪ್ಪಾ ಕೈ ಎತ್ಲಿಲ್ಲ ಅಂದೆ. ಏನಂದ ಗೊತ್ತಾ? 'ಅವಳ ಮುಖ ನೋಡೋಕಾಗ್ಲಿಲ್ಲ' ಅಂದ. ಯಾಕೆ ಅಂದ್ರೆ ಬಾಯಿ ಬಿಡ್ತಿಲ್ಲ. 'ಅವಳಿಗೇ ನೋವಾಗುತ್ತೆ, ಬಿಡಿ' ಅಂತಾನೆ. ಜೈಲಲ್ಲಿ ಕೂತು ನಿನ್ನ ನೋವಿನ ಚಿಂತೆ ಅವನಿಗೆ. ನಡಿ, ನನ್ನ ಜೊತೆ ಮೇಲೆ ಬಾ."

"ನಾನು ಸಾಕ್ಷಿ. ನಾನು ಹೇಗೆ—"

"ದಾರಿ ತೋರಿಸೋದಕ್ಕೆ. ತೀರ್ಪು ಕೊಡೋದಕ್ಕಲ್ಲ."

ಪಕ್ಕದ ಹುಡುಗಿಗೆ ಕಟ್ಟೆ ಒಪ್ಪಿಸಿ ಹೊರಟೆ. ಒಂಬತ್ತನೇ ತಿರುವಿನವರೆಗೆ ಬಸ್ಸು. ಅಲ್ಲಿ ಇನ್ಸ್‌ಪೆಕ್ಟರಮ್ಮ ಇಳಿದು, ಕಲ್ಲಿನ ಮೇಲೆ ಕೂತು, ಹತ್ತು ನಿಮಿಷ ಕಣ್ಣು ಮುಚ್ಚಿದರು.

ಎದುರಿಗೆ ಅಪೊಲೋನಿಯಾಳ ವಸತಿಗೃಹ. ಅವಳು ಬಾಗಿಲಲ್ಲೇ ನಿಂತು ನಗುತ್ತಿದ್ದಳು.

"ಒಳಗೆ ಬಾ, ಸೂಪು ಕುಡಿ. ಬಿಳಿಚಿಕೊಂಡಿದೀಯ."

"ನನ್ನನ್ನ 'ನೀನು' ಅಂದಳಾ ಇವಳು?" ಇನ್ಸ್‌ಪೆಕ್ಟರಮ್ಮ ನನ್ನ ಕಡೆ ತಿರುಗಿದರು.

"ಇಷ್ಟು ಎತ್ತರದಲ್ಲಿ 'ನೀವು' ಇಲ್ಲ," ಎಂದಳು ಅಪೊಲೋನಿಯಾ. "ಬಿಷಪ್ಪು ಬಂದರೂ 'ನೀನು'. ಕೆಳಗಿಳಿದ ಮೇಲೆ ಬೇಕಾದ್ರೆ ಮರ್ಯಾದೆ ಕೊಡ್ತೀನಿ."

ಚೀಸಿನ ಉಂಡೆ ಹಾಕಿದ ಬಿಸಿ ಸೂಪು ಬಂತು. ಒಂದು ಬಟ್ಟಲು ಮುಗಿದ ಮೇಲೆ ಪ್ರಶ್ನೆ ಶುರುವಾಯಿತು.

"ಎಗೊನ್ ಜೊತೆ ನಿನಗೆ ಜಗಳ ಇತ್ತಂತೆ."

"ಇಲ್ದೇ ಏನು! ಗಾಡಿ ನಿಲ್ಸೋಕೆ ನಾಲ್ಕು ಅಡಿ ಜಾಗ ಕೇಳಿದ್ದೆ. ಮರ್ಮಟ್ ಬಿಲ ಇದೆ, ಆಗಲ್ಲ ಅಂದ. ಮೂರು ವರ್ಷ ಅದೇ ಮಾತು. ಆ ಬೆಟ್ಟದ ಹೆಗ್ಗಣಕ್ಕಿರೋ ಬೆಲೆ ನನಗಿಲ್ಲ." ಅವಳ ದನಿ ಇಳಿಯಿತು. "ಆದರೆ ಸುಳ್ಳು ಹೇಳ್ತಿರ್ಲಿಲ್ಲ ಕಣಮ್ಮ. ಆಗಲ್ಲ ಅನ್ನೋದನ್ನೂ ಟೋಪಿ ತೆಗೆದೇ ಹೇಳೋನು."

"ಶುಕ್ರವಾರ ಸಂಜೆ ಎಲ್ಲಿದ್ದೆ?"

"ಇಲ್ಲೇ. ನಲವತ್ತು ಜನ ಮುದುಕ್ರು, ಒಂದು ಬಸ್ಸು, ಒಂದು ಅಕಾರ್ಡಿಯನ್. ಮೂರು ಗಂಟೆಗೆ ಬಂದು ಒಂಬತ್ತಕ್ಕೆ ಎದ್ದರು. ಅಷ್ಟು ಹೊತ್ತೂ ನನ್ನನ್ನ ಕೂರೋಕೆ ಬಿಟ್ಟಿಲ್ಲ. ಕೊಲೆ ಮಾಡೋಕೆ ಎಲ್ಲಿ ಬಿಡುವು?"

"ಬೇರೆ ಯಾರಾದ್ರೂ ಅವತ್ತು ಇಲ್ಲಿಗೆ ಬಂದಿದ್ರಾ?"

"ಮಧ್ಯಾಹ್ನ ಬ್ಲಾಸಿಯುಸ್ ಬಂದಿದ್ದ. ಇವಳ ಮಾವ. ಹನ್ನೊಂದನೇ ತಿರುವಿನ ಮೇಲೆ ಅವನ ಬೇಸಿಗೆ ಹುಲ್ಲುಗಾವಲು. ಮಾರನೇ ದಿನ ದನ ಇಳಿಸೋದಿತ್ತಲ್ಲ. ದನದ ಕಿರೀಟದ ಕೆಂಪು ರಿಬ್ಬನ್ನು ಇಸ್ತ್ರಿ ಮಾಡ್ಕೊಡು ಅಂದ. ಮಾಡ್ಕೊಟ್ಟೆ. 'ನಾಳೆ ನಿನ್ನ ಬಾಗಿಲಲ್ಲಿ ನಿಂತ್ಕೋತೀವಿ, ಬೀರು ರೆಡಿ ಇಡು' ಅಂದ. ಇಟ್ಟೆ. ನಿಲ್ಲಲೇ ಇಲ್ಲ, ಪಾಪ."

"ಯಾಕೆ?"

ಅಪೊಲೋನಿಯಾ ನನ್ನ ಮುಖ ನೋಡಿದಳು. ನಾನೇ ಹೇಳಿದೆ.

"ದನ ಬರಿತಲೆಯಲ್ಲಿ ಇಳಿದವು. ಬೇಸಿಗೆ ಸುಸೂತ್ರವಾಗಿ ಕಳೆದರೆ ಹೂಕಿರೀಟ ಕಟ್ಟಿ ಇಳಿಸ್ತೀವಿ. ಹುಲ್ಲುಗಾವಲಿನಲ್ಲಿ ಸಾವಾಗಿದ್ರೆ, ಮನೇಲಿ ಸಾವಾಗಿದ್ರೆ, ಕಟ್ಟೋದಿಲ್ಲ."

"ನಿಮ್ಮ ಮನೇಲಿ ಯಾರು?"

"ನನ್ನ ಗಂಡ."

ಅಪೊಲೋನಿಯಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ರಸ್ತೆ ಬದಿ ನಿಂತಿದ್ದ ಗಂಡಸ್ರೆಲ್ಲ ಟೋಪಿ ತೆಗೆದ್ರು ಕಣೇ. ಕಸ್ಪರ್ ಎಷ್ಟು ಪುಣ್ಯವಂತ ಅಂದ್ಕೊಂಡೆ."

ಇನ್ಸ್‌ಪೆಕ್ಟರಮ್ಮ ಚಮಚ ಕೆಳಗಿಟ್ಟರು.

---

ಹನ್ನೊಂದನೇ ತಿರುವಿಗೆ ನಡೆದೇ ಹೋದೆವು. ಅಲ್ಲಿ ಮರವಿಲ್ಲ. ಹುಲ್ಲು, ಕಲ್ಲು, ಎದುರಿಗೆ ಹಿಮನದಿ. ಪ್ರವಾಸಿಗರು ಫೋಟೋಗೆ ನಿಲ್ಲುವುದು ಅಲ್ಲೇ. ಮೇಲಿಂದ ದನದ ಹಾದಿ ಬಂದು ರಸ್ತೆ ಸೇರುವುದೂ ಅಲ್ಲೇ.

ಇನ್ಸ್‌ಪೆಕ್ಟರಮ್ಮ ಅಂಚಿಗೆ ಹೋಗಲಿಲ್ಲ. ರಸ್ತೆಯಿಂದ ಮೂರು ಹೆಜ್ಜೆ ಕಣಿವೆಯ ಕಡೆಗೆ, ಹುಲ್ಲಿನ ಮೇಲಿದ್ದ ಒಂದು ಚಪ್ಪಟೆ ಕಲ್ಲನ್ನು ಬೂಟಿನಿಂದ ಸರಿಸಿದರು. ಕೆಳಗೆ ಗುಳಿ. ಮೊಣಕೈಯಷ್ಟು ಆಳ. ಅಂಚಿನ ಮಣ್ಣು ಇನ್ನೂ ಹಸಿ.

"ಇಲ್ಲಿ ಏನಿತ್ತು?"

ನಾನು ಹಿಮನದಿಯ ಕಡೆ ತಿರುಗಿದೆ.

"ಸತ್ತವನ ಕೋಟು ನೋಡಿದೀನಿ. ಬಲ ಹೆಗಲ ಮೇಲೆ ಅಂಟು. ಮರದ ರಾಳ, ಅದರ ಮೇಲೆ ಎಣ್ಣೆ. ಇಲ್ಲಿಯ ಪೊಲೀಸರು 'ಯಾವುದೋ ಮರಕ್ಕೆ ಒರಗಿರ್ತಾನೆ' ಅಂತ ಬರೆದಿದ್ದಾರೆ. ಎಲ್ಲಿದೆ ಮರ? ಅವನು ಏನೋ ಹೊತ್ತಿದ್ದ. ಈ ಗುಳಿಯಿಂದ ಕಿತ್ತ ಏನೋ ಒಂದು. — ಇಲ್ಲಿ ಏನಿತ್ತು, ರೆಗೀನಾ?"

"ಕಂಬ."

"ಯಾರ ಕಂಬ?"

"ನನ್ನ ಗಂಡನ ನೆನಪಿಂದು. ಹೋದ ವರ್ಷ ಸೆಪ್ಟೆಂಬರ್ ಒಂಬತ್ತಕ್ಕೆ ಅವನ ಬೈಕು ಇಲ್ಲೇ ಜಾರಿದ್ದು. ಮಾವ ತಾವೇ ಕೆತ್ತಿ ನಿಲ್ಲಿಸಿದ್ರು. ಮೇಲೊಂದು ಪುಟ್ಟ ಸೂರು, ಒಳಗೆ ಶಿಲುಬೆ, ಫೋಟೋ. ತಿಂಗಳಿಗೊಮ್ಮೆ ಎಣ್ಣೆ ಹಚ್ಚೋರು."

"ಸೋಮವಾರ ಹೆಣ ತೆಗೆಯೋಕೆ ಬಂದವರು ಯಾರೂ ಕಂಬ ಇಲ್ಲ ಅನ್ನೋದನ್ನ ಗಮನಿಸಲಿಲ್ಲವಾ?"

"ಗಮನಿಸಿದ್ರು. ಮಾವ ಚಳಿಗಾಲಕ್ಕೆ ಒಳಗೆ ತಗೊಂಡು ಹೋಗಿರ್ತಾರೆ ಅಂದ್ಕೊಂಡ್ರು."

"ನೀನೂ ಹಾಗೇ ಅಂದ್ಕೊಂಡೆಯಾ?"

ಇಲ್ಲ. ನಾನು ಹಾಗೆ ಅಂದುಕೊಂಡಿರಲಿಲ್ಲ.

"ಈ ದೇಶದಲ್ಲಿ ಎರಡು ಕಿಲೋಮೀಟರಿಗೊಂದು ಇಂಥ ಕಂಬ ಇದೆ," ಎಂದರು ಅವರು. "ಉದ್ಯಾನದ ನಿಯಮದಲ್ಲಿ ನಿಷೇಧ ಇರಬಹುದು, ಆದರೆ ಯಾವ ಕಾವಲುಗಾರನೂ ತಾನಾಗೇ ಕೀಳೋದಿಲ್ಲ. ಯಾರೋ ಕೇಳಿಕೊಂಡಿರಬೇಕು. ಯಾರು?"

ಗಾಳಿ ಬಲವಾಗಿತ್ತು. ಕಪ್ಪು ಹಕ್ಕಿಗಳು ಕೆಳಗಿನ ಜಾರಿನ ಮೇಲೆ ಸುತ್ತುತ್ತಿದ್ದವು.

"ನಾನು," ಎಂದೆ.

ಅವರು ಗುಳಿಯಿಂದ ಕಣ್ಣೆತ್ತಿ ಕಾದರು.

"ಜನ ಅದಕ್ಕೆ ಒರಗಿ ಫೋಟೋ ತೆಗೆಸ್ಕೊಳ್ತಿದ್ರು. ಅದರ ಬುಡದಲ್ಲಿ ಕಾಫಿ ಲೋಟ ಇಡ್ತಿದ್ರು. ರಜೆಯ ದಿನ ಮಾವನಿಗೆ ರೊಟ್ಟಿ ಕೊಡೋಕೆ ಈ ದಾರೀಲೇ ಹತ್ತಬೇಕಿತ್ತು. ಫೋಟೋದಲ್ಲಿ ಅವನು ನಗ್ತಿದ್ದಾನೆ. ಆಗಸ್ಟ್‌ನಲ್ಲಿ ಎಗೊನ್ ನನ್ನ ಕಟ್ಟೆ ಹತ್ರ ನಿಂತಾಗ ಹೇಳ್ದೆ — ತೆಗೆದುಬಿಡಿ, ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ. ಜನ ಕಡಿಮೆಯಾದ ಮೇಲೆ ತೆಗೀತೀನಿ ಅಂದ. ಟೋಪಿ ತೆಗೆದು ಹೇಳ್ದ."

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ಲೊರೆಂಟ್ಸ್ ಕೈ ಎತ್ತಲಿಲ್ಲ ಅನ್ನೋದನ್ನೂ ಯಾರೂ ಕೇಳಿರಲಿಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಅದನ್ನ ಹೇಳಿದೆ."

ಅವರು ಗುಳಿಯ ಪಕ್ಕ ಮಂಡಿಯೂರಿ ಕುಳಿತರು. "ಲೊರೆಂಟ್ಸ್ ಆರು ಗಂಟೆಗೆ ಇಲ್ಲಿ ಬಂದಾಗ ಜೀಪು ಇತ್ತು, ಎಗೊನ್ ಇರಲಿಲ್ಲ, ಕಂಬ ಇರಲಿಲ್ಲ. 'ಅಯ್ಯೋ, ಇವಳ ಗಂಡನ ಕಂಬ ಯಾರೋ ಕಿತ್ತಿದ್ದಾರೆ, ಈಗ ಇವಳ ಮುಖ ಹೇಗೆ ನೋಡ್ಲಿ' ಅಂತ ತಲೆ ತಿರುಗಿಸಿಕೊಂಡು ಹೋದ. ಅದು ಅವನ ಅಪರಾಧ."

ಆ ಕಂಬ ಎಲ್ಲಿ ಹೋಯಿತೆಂದು ಅವರು ಕೇಳಲಿಲ್ಲ. ಬೇರೆಯದನ್ನೇ ಕೇಳಿದರು.

"ನಿಮ್ಮಲ್ಲಿ ಸೂತಕ ಎಷ್ಟು ದಿನ?"

"ಒಂದು ವರ್ಷ."

"ಗಂಡ ಸತ್ತಿದ್ದು ಒಂಬತ್ತಕ್ಕೆ. ದನ ಇಳಿದಿದ್ದು ಇಪ್ಪತ್ತೊಂದಕ್ಕೆ. ವರ್ಷ ಮುಗಿದು ಹನ್ನೆರಡು ದಿನ."

ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ದನದ ಹಾದಿಯನ್ನು ನೋಡುತ್ತಿದ್ದರು.

"ನಿನ್ನ ಅತ್ತೆ ಮನೆಗೆ ಹೋಗೋಣ," ಎಂದರು. "ಕಾರು ಇಲ್ಲಿಗೇ ಕರೆಸ್ತೀನಿ. ವಾಂತಿಯಾದ್ರೆ ಆಗಲಿ."

---

ಅತ್ತೆ ಗೆನೊವೆಫಾ ಅಡುಗೆಮನೆಯಲ್ಲಿ ಎಣ್ಣೆಯಿಂದ ಹಿಟ್ಟಿನ ಕಜ್ಜಾಯ ತೆಗೆಯುತ್ತಿದ್ದರು. ದನ ಇಳಿದ ವಾರ ಪೂರ್ತಿ ಬಂದವರಿಗೆಲ್ಲ ಕೊಡಬೇಕು. ಒಂದು ತಟ್ಟೆ ಇನ್ಸ್‌ಪೆಕ್ಟರಮ್ಮನ ಮುಂದಿಟ್ಟರು.

"ತಿನ್ನಿ. ಬಿಸಿ ಇದೆ. ನಮ್ಮ ರೆಗೀನಾ ಏನು ತಪ್ಪು ಮಾಡಿದಾಳೆ ಅಂತ ಕರ್ಕೊಂಡು ಬಂದಿದೀರಿ?"

"ದಾರಿ ತೋರಿಸಿದಾಳೆ, ಅಷ್ಟೇ." ಅವರು ಒಂದು ಕಜ್ಜಾಯ ಮುರಿದರು. "ಶನಿವಾರ ದನ ಬರಿತಲೆಯಲ್ಲಿ ಬಂದವಂತೆ."

"ಹೂಂ." ಅತ್ತೆಯ ಕೈ ನಿಂತಿತು.

"ಈ ವರ್ಷ ಕಿರೀಟ ಕಟ್ಟೋದು ಬೇಡ ಅಂತ ಮೊದಲೇ ಅಂದ್ಕೊಂಡಿದ್ರಾ?"

"ಇಲ್ಲಮ್ಮ. ವರ್ಷಾಬ್ದಿಕದ ಪೂಜೆ ಮುಗೀತು, ಸೂತಕದ ಕಪ್ಪುಪಟ್ಟಿ ತೆಗೆದ್ವಿ. ಬದುಕಿರೋರು ಬದುಕಬೇಕಲ್ಲ, ಈ ವರ್ಷ ಕಟ್ಟೋಣ ಅಂತ ಅವರೇ ಅಂದ್ರು. ನಾನೂ ಇವಳೂ ವಾರವಿಡೀ ಕೂತು ಹೆಣೆದ್ವಿ. ಹದಿನೇಳು ಕಿರೀಟ. ಮುಂದೆ ನಡೆಯೋ ಹಸುವಿನದನ್ನ ಇವಳೇ ಮಾಡಿದ್ದು, ನಡುವೆ ಕನ್ನಡಿ ಇಟ್ಟು. ಹೋದ ಬುಧವಾರ ಮೇಲೆ ತಲುಪಿಸಿದ್ವಿ."

"ಆಮೇಲೆ?"

"ಶನಿವಾರ ನೋಡ್ತೀನಿ — ಒಂದು ಹೂವೂ ಇಲ್ಲ. ಯಾಕ್ರೀ ಅಂದೆ. 'ಮನಸ್ಸಾಗ್ಲಿಲ್ಲ, ಮಗ ನೆನಪಾದ' ಅಂದ್ರು. ನಾನು ಅತ್ತುಬಿಟ್ಟೆ. ಇವಳೂ..." ಅತ್ತೆ ನನ್ನ ಕಡೆ ಕೈ ತೋರಿಸಿದರು.

ಇವಳೂ. ಹೌದು. ಶನಿವಾರ ಹತ್ತು ಗಂಟೆಗೆ ದನಗಳು ನನ್ನ ಟೋಲ್ ಕಟ್ಟೆ ದಾಟಿದವು. ಮಾವ ಮುಂದಿದ್ದರು. ನಾನು ಹೊರಗೆ ಬಂದು ಅವರ ಕೈ ಹಿಡಿದುಕೊಂಡೆ. 'ಒಳ್ಳೇದು ಮಾಡಿದ್ರಿ ಮಾವ' ಎಂದೆ. ಅವರು ಕೈ ಬಿಡಿಸಿಕೊಂಡು, 'ಬೇಡ ಮಗಳೇ, ಬೇಡ' ಎಂದರು. ಅದನ್ನೂ ನಾನು ದುಃಖ ಎಂದೇ ತಿಳಿದೆ. ಒಂದು ವರ್ಷದಲ್ಲಿ ಮೊದಲ ಸಲ ನನ್ನ ಎದೆ ಸ್ವಲ್ಪ ಹಗುರಾಗಿತ್ತು.

"ಬ್ಲಾಸಿಯುಸ್ ಎಲ್ಲಿ?" ಎಂದರು ಇನ್ಸ್‌ಪೆಕ್ಟರಮ್ಮ.

"ಕೊಟ್ಟಿಗೇಲಿ. ಯಾಕೆ?"

"ಎರಡು ಮಾತು. ನೀವು ಎಣ್ಣೆ ನೋಡಿಕೊಳ್ಳಿ, ಸೀದುಹೋಗುತ್ತೆ."

---

ಮಾವ ಹಸುವಿನ ಬೆನ್ನು ತಿಕ್ಕುತ್ತಿದ್ದರು. ನಮ್ಮನ್ನು ಕಂಡು ಬ್ರಷ್ಷು ನಿಲ್ಲಿಸಲಿಲ್ಲ.

"ಇನ್ಸ್‌ಪೆಕ್ಟರಮ್ಮನೋ? ಬನ್ನಿ. ಬೂಟು ಕೊಳೆಯಾಗುತ್ತೆ."

"ಪರವಾಗಿಲ್ಲ. ಹಸುಗಳು ಚೆನ್ನಾಗಿವೆ. ಹದಿನೇಳೂ ಇವೆಯಾ?"

"ಹದಿನೇಳು ಹೋದ್ವು, ಹದಿನೇಳು ಬಂದ್ವು."

"ಅಂದರೆ ಗಾವಲಿನಲ್ಲಿ ದನ ಸತ್ತಿಲ್ಲ."

"ಇಲ್ಲ."

"ಮನೆಯ ಸೂತಕ ಒಂಬತ್ತಕ್ಕೇ ಮುಗೀತು."

ಬ್ರಷ್ಷು ನಿಧಾನವಾಯಿತು.

"ನಾನು ಬಯಲಿನವಳು, ಬ್ಲಾಸಿಯುಸ್. ದನದ ತಲೆ ಬರಿದಾಗಿದ್ರೆ ನನಗೆ ಏನೂ ಅನ್ಸಲ್ಲ. ಹಾಗಾಗಿ ಯಾಕೆ ಅಂತ ಕೇಳಬೇಕಾಯ್ತು. ಇಲ್ಲಿಯವರಿಗೆ ಕೇಳೋ ಅಗತ್ಯ ಬೀಳಲಿಲ್ಲ. ಕಂಡರು, ಅರ್ಥವಾಯ್ತು, ಟೋಪಿ ತೆಗೆದರು. ಊರಿಗೆ ಊರೇ ಸಾಕ್ಷಿ ನೋಡಿತು, ಒಬ್ಬರೂ ದಿನ ಎಣಿಸಲಿಲ್ಲ." ಅವರು ಕೊಟ್ಟಿಗೆಯ ಗೋಡೆಗೆ ಒರಗಿದರು. "ಶುಕ್ರವಾರ ಮಧ್ಯಾಹ್ನ ನೀವು ರಿಬ್ಬನ್ನಿಗೆ ಇಸ್ತ್ರಿ ಮಾಡಿಸಿದ್ರಿ. ಬೀರು ಇಡು ಅಂದ್ರಿ. ಆಗ ನಿಮ್ಮ ಮನಸ್ಸಿನಲ್ಲಿ ಹೂವಿತ್ತು. ಶನಿವಾರ ಬೆಳಗಾಗೋದರೊಳಗೆ ಹೋಯ್ತು. ಆ ರಾತ್ರಿ ಬೆಟ್ಟದ ಮೇಲೆ ಸತ್ತಿದ್ದು ಒಬ್ಬನೇ — ಎಗೊನ್. ಅದು ಲೋಕಕ್ಕೆ ಗೊತ್ತಾಗಿದ್ದು ಸೋಮವಾರ. ಸೋಮವಾರ ಸಿಕ್ಕ ಹೆಣಕ್ಕೆ ಶನಿವಾರವೇ ಸೂತಕ ಹಿಡಿದವರು ಯಾರು?"

ಮಾವ ಬ್ರಷ್ಷಿಗಂಟಿದ ಕೂದಲು ಕೀಳತೊಡಗಿದರು.

"ಟೋಲ್ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ. ನೀವು ಜೂನ್‌ನಿಂದ ಮೇಲೇ ಇದ್ರಿ. ಪೊಲೀಸರು ಬಾಗಿಲು ದಾಟಿದವರನ್ನ ಹುಡುಕಿದರು, ಒಳಗಿದ್ದವರನ್ನ ಮರೆತರು. ಎಗೊನ್ ಕಂಬ ಕಿತ್ತ. ಅದನ್ನ ಎಸೀಲಿಲ್ಲ. ಹೆಗಲ ಮೇಲೆ ಹೊತ್ಕೊಂಡು ನಿಮ್ಮ ಗುಡಿಸಲಿಗೆ ಹತ್ತಿ ಬಂದ, ನಿಮ್ಮ ಕೈಗೇ ಕೊಡೋಕೆ. ಅದಕ್ಕೇ ಅವನ ಕೋಟಿಗೆ ರಾಳ. ಕಂಬ ಈಗಲೂ ನಿಮ್ಮ ಗುಡಿಸಲಲ್ಲೇ ಇದೆ. ಹೂಕಿರೀಟಗಳ ಪಕ್ಕದಲ್ಲಿ. — ಎಗೊನ್‌ನ ತಳ್ಳಿದ್ದು ನೀವು, ಬ್ಲಾಸಿಯುಸ್."

ಹಸು ತಲೆ ತಿರುಗಿಸಿ ಮಾವನ ತೋಳನ್ನು ನೆಕ್ಕಿತು. ಅವರು ಬ್ರಷ್ಷನ್ನು ಗೂಡಿನಲ್ಲಿಟ್ಟರು.

"ನಿಮಗಾದ್ರೆ ಸುಳ್ಳು ಹೇಳಿಬಿಡ್ತಿದ್ದೆ," ಎಂದರು. "ಪಾದ್ರಿಗೂ ಹೇಳಿಬಿಡ್ತಿದ್ದೆ. ದನಕ್ಕೆ ಹೇಳೋಕಾಗ್ಲಿಲ್ಲ. ಕಟ್ಟೋಣ ಅಂತ ಬೆಳಿಗ್ಗೆ ನಾಲ್ಕಕ್ಕೆ ಎದ್ದೆ. ಮುಂದೆ ನಡೆಯೋ ಹಸುವಿನ ಕಿರೀಟ ಕೈಗೆ ತಗೊಂಡೆ. ಕನ್ನಡೀಲಿ ನನ್ನ ಮುಖ ಕಾಣಿಸ್ತು. ಸಾವಾದ ಗಾವಲಿಂದ ಹೂ ಮುಡಿಸಿ ಇಳಿಸಿದ್ರೆ ದನ ಉಳಿಯಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಇವು ಏನು ತಪ್ಪು ಮಾಡಿವೆ?"

"ಏನಾಯ್ತು, ಹೇಳಿ."

"ಕಂಬ ಹೊತ್ತು ಬಂದ. ಟೋಪಿ ತೆಗೆದ. ಯಾರೋ ಕೇಳ್ಕೊಂಡಿದಾರೆ, ತೆಗೆಯಬೇಕಾಯ್ತು, ಮನ್ನಿಸು ಅಂದ. ಯಾರು ಅಂದೆ. ಹೇಳಲ್ಲ ಅಂದ. ನಾನು ಕಂಬ ಎತ್ಕೊಂಡು ಕೆಳಗಿಳಿದೆ, ಮತ್ತೆ ನೆಡೋಕೆ. ಅವನು ಹಿಂದೇ ಬಂದ. ಗುಳಿಗೆ ಅಡ್ಡ ನಿಂತ. ಯಾರು ಹೇಳೋ ಅಂದೆ. ಮಾತು ಕೊಟ್ಟಿದೀನಿ ಅಂದ. ಯಾರೂ ಇಲ್ಲ, ನಿನ್ನ ಹಾಳು ನಿಯಮಕ್ಕೆ ಇಲ್ಲದೋರನ್ನ ಮುಂದೆ ಮಾಡ್ತೀಯ, ಸುಳ್ಳುಗಾರ ಅಂದೆ. ನೂಕಿದೆ." ಅವರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. "ಒಂದೇ ಸಲ. ಅಂಚು ಅಷ್ಟು ಹತ್ರ ಇದೆ ಅಂತ... ಮಗ ಹೋದ ಜಾಗ ಅದು. ನನಗೆ ಗೊತ್ತಿಲ್ಲದ ಅಂಚಾ?"

"ಲೊರೆಂಟ್ಸ್ ನಿನ್ನೆಯಿಂದ ಒಳಗಿದ್ದಾನೆ."

"ಗೊತ್ತು. ಹಾಲು ಕರೆದು ಬಂದು ಹೇಳ್ಬಿಡೋಣ ಅಂದ್ಕೊಂಡೆ. ಆಮೇಲೆ ಮತ್ತೆ ಹಾಲು ಕರೆಯೋ ಹೊತ್ತು. ಮೂರು ಸಲ ಹಾಗೇ ಆಯ್ತು."

ಇನ್ಸ್‌ಪೆಕ್ಟರಮ್ಮ ಕಾರು ತಂದಿದ್ದ ಕಾನ್ಸ್‌ಟೇಬಲ್‌ಗೆ ಸನ್ನೆ ಮಾಡಿದರು. ಮಾವ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ಬಾಗಿಲ ಹತ್ತಿರ ನಿಂತರು.

"ಒಂದು ಕೇಳ್ಬೇಕು, ಇನ್ಸ್‌ಪೆಕ್ಟರಮ್ಮ. ಎಗೊನ್ ಹೇಳಿದ್ದು ನಿಜವಾ? ಯಾರಾದ್ರೂ ಕೇಳಿದ್ರಾ?"

ಇನ್ಸ್‌ಪೆಕ್ಟರಮ್ಮ ಬೂಟಿನ ಕೊಳೆ ನೋಡುತ್ತಿದ್ದರು. ಹೇಳುವುದಿಲ್ಲವೆಂದು ನನಗೆ ತಿಳಿಯಿತು. ಹೇಳದಿದ್ದರೂ ಲೊರೆಂಟ್ಸ್ ಬಿಡುಗಡೆಯಾಗುತ್ತಿದ್ದ. ಹೇಳದಿದ್ದರೆ ಸತ್ತವನು ಸುಳ್ಳುಗಾರನಾಗಿಯೇ ಉಳಿಯುತ್ತಿದ್ದ.

"ನಾನು, ಮಾವ," ಎಂದೆ. "ನಾನೇ ಕೇಳಿದ್ದು. ಯಾರಿಗೂ ಹೇಳ್ಬೇಡಿ ಅಂದಿದ್ದೂ ನಾನೇ."

ಅವರು ಬಾಗಿಲಿನಿಂದ ಒಂದು ಹೆಜ್ಜೆ ನನ್ನ ಕಡೆ ಬಂದರು. ಸಿಟ್ಟಿಗಾಗಿ ಕಾದೆ. ಬರಲಿಲ್ಲ.

"ನನಗೆ ಹೇಳಬಾರದಿತ್ತಾ, ಮಗಳೇ?" ಎಂದರು. "ನಾನೇ ಕಿತ್ತು ತರ್ತಿದ್ದೆ."

ಕಾರು ಹೋಯಿತು. ಅತ್ತೆ ಹಿಟ್ಟು ಮೆತ್ತಿದ ಕೈಯಲ್ಲೇ ಅಂಗಳಕ್ಕೆ ಬಂದರು. ದಾರಿಯ ಧೂಳನ್ನು ನೋಡಿದರು, ನನ್ನನ್ನು ನೋಡಿದರು.

"ಏನೇ ಇದು? ಅವರನ್ನ ಯಾಕೆ ಕರ್ಕೊಂಡು ಹೋದ್ರು? ಏನಾಯ್ತೇ?"

ಶುಕ್ರವಾರದಿಂದ ಶುರುಮಾಡಬಹುದಿತ್ತು. ನಾನು ಆಗಸ್ಟ್‌ನಿಂದ ಶುರುಮಾಡಿದೆ.